ಕಯೋಟಿಯನ್ನು ಕರೆಯುವ ವಿದ್ಯೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹೆಚ್ಚುಕಡಮೆ ನಟ್ಟನಡುವೆ ಕಾನ್ಸಾಸ್ ಎಂಬ ಸಂಸ್ಥಾನವುಂಟು. ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲ, ಜೋಳದ ಹೊಲ, ನಡುನಡುವೆ ಹುಲ್ಲುಗಾವಲು. ಆ ಜೋಳವು ನಮ್ಮ ಬಿಜಾಪುರ, ರಾಯಚೂರು ಸೀಮೆಗಳ ಜೋಳದ ಜಾತಿಯೇ. ಅಲ್ಲಿ ಮಾತ್ರ ಅದು ರೊಟ್ಟಿಯಾಗುವುದಕ್ಕಿಂತ ದನಗಳ ಮೇವಾಗುವುದೇ ಹೆಚ್ಚು. ನವೆಂಬರ್ ತಿಂಗಳ ಒಂದು ಮುಂಜಾನೆ, ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿರುವ ಇಂಥ ಒಂದು ಹೊಲದ ಅಂಚಿನಲ್ಲಿ, ಗಾಳಿಯನ್ನು ತಡೆಯಲೆಂದು ನೆಟ್ಟ ಮರಗಳ ಸಾಲಿಗೆ ಬೆನ್ನು ಕೊಟ್ಟು ರೈತನೊಬ್ಬನು ಕುಳಿತಿರುವನೆಂದು ಭಾವಿಸಿಕೊಳ್ಳೋಣ. ತೊಡೆಯ ಮೇಲೆ ಬಂದೂಕು. ಬಾಯಲ್ಲಿ ಗೇಣಿಗೂ ಕಡಮೆ ಉದ್ದದ ಒಂದು ಪೀಪಿ. ಅದನ್ನು ಊದಿದೊಡನೆ ಹೊರಡುವುದು ಸಂಗೀತವಲ್ಲ, ಹದ್ದಿನ ಉಗುರಿಗೆ ಸಿಕ್ಕಿದ ಮೊಲದ ಆರ್ತನಾದ. ಆತನು ಅರ್ಧ ನಿಮಿಷ ಊದುವನು, ಎರಡು ನಿಮಿಷ ಸುಮ್ಮನಿರುವನು, ಮತ್ತೆ ಊದುವನು. ಹೀಗೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೂಳೆಯ ಬಣ್ಣದ್ದೇ ಆದ ಪ್ರಾಣಿಯೊಂದು ದೂರದ ಹಳ್ಳದ ದಂಡೆಯ ಮೇಲೆ ಕಾಣಿಸಿಕೊಂಡು, ಸದ್ದಿನ ಕಡೆ ಓಡಿಬಂದು, ಇನ್ನೇನು ಹತ್ತಿರವಾಯಿತೆನ್ನುವಾಗ ಪಕ್ಕಕ್ಕೆ ತಿರುಗಿ, ರೈತನನ್ನು ಬಳಸಿಕೊಂಡು ಹೋಗತೊಡಗುವುದು.

ಈ ಪ್ರಾಣಿಯೇ ಕಯೋಟಿ. ಅದು ಬಂದುದೇಕೆ? ನೇರವಾಗಿ ಬಾರದೆ ಬಳಸಿ ಹೋದುದೇಕೆ? ರೈತನು ಗುಂಡು ಹಾರಿಸಿ ಅದನ್ನು ಕೆಡವಿದನೆಂದೇ ಇಟ್ಟುಕೊಳ್ಳೋಣ. ಬರುವ ವಸಂತದಲ್ಲಿ ಹುಟ್ಟುವ ಅವನ ಕುರಿಮರಿಗಳು ಅದರಿಂದ ಉಳಿಯುವುವೆ? ಮೊದಲಿನ ಎರಡು ಪ್ರಶ್ನೆಗಳಿಗೆ ಬೇಟೆಗಾರರು ಬಹುಕಾಲದಿಂದಲೂ ಉತ್ತರವನ್ನು ಬಲ್ಲರು. ಮೂರನೆಯದಕ್ಕೆ ಉತ್ತರವನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೆ ಬಹಳ ವರ್ಷಗಳು ಹಿಡಿದವು. ಕಂಡ ಉತ್ತರವೂ ನಿರೀಕ್ಷಿಸಿದ್ದಕ್ಕಿಂತ ಬೇರೆಯಾಗಿತ್ತು.

ತೋಳಕ್ಕೆ ಕಿರಿದು, ನರಿಗೆ ಹಿರಿದು

ನಮ್ಮ ನಾಡಿನಲ್ಲಿ ಇಲ್ಲದ ಪ್ರಾಣಿಯಾದುದರಿಂದ ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಮೆಕ್ಸಿಕೋ ದೇಶದ ಮೂಲನಿವಾಸಿಗಳ ನಾಹ್ವಾ ಭಾಷೆಯ 'ಕೊಯೋಟ್ಲ್' ಎಂಬ ಶಬ್ದವು ಸ್ಪೇನಿನವರ ಬಾಯಿಂದ ಹಾದು 'ಕಯೋಟಿ' ಎಂದಾಗಿದೆ. ಪಶ್ಚಿಮದ ದನಗಾಹಿಗಳು ಕೊನೆಯ ಅಕ್ಷರವನ್ನು ನುಂಗಿ 'ಕೈಯೋಟ್' ಎನ್ನುವರು. ಗಾತ್ರದಲ್ಲಿ ಇದನ್ನು ನಮ್ಮ ಗುಳ್ಳೆನರಿಗೂ ದಖ್ಖಣದ ತೋಳಕ್ಕೂ ನಡುವೆ ನಿಲ್ಲಿಸಬಹುದು. ಪಶ್ಚಿಮದ ಬಯಲುಗಳಲ್ಲಿ ಬೆಳೆದ ಕಯೋಟಿಯ ತೂಕ ಸುಮಾರು ೯ರಿಂದ ೧೬ ಕಿಲೋಗ್ರಾಂ. ಚೂಪಾದ ಮೂತಿ, ದೊಡ್ಡ ನೆಟ್ಟಗಿನ ಕಿವಿ, ಓಡುವಾಗ ಕೆಳಕ್ಕೆ ಇಳಿಬಿಟ್ಟ ಪೊದೆಬಾಲ—ದೂರದಿಂದ ಗುರುತಿಸಲು ಇಷ್ಟು ಸಾಕು.

ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟವನು ತಾಮಸ್ ಸೇ ಎಂಬ ನಿಸರ್ಗಶಾಸ್ತ್ರಜ್ಞ. ಮೇಜರ್ ಲಾಂಗ್ ಎಂಬುವನ ನಾಯಕತ್ವದಲ್ಲಿ ೧೮೧೯-೨೦ರಲ್ಲಿ ಮಿಸ್ಸೌರಿ ನದಿಯ ಪ್ರಾಂತಕ್ಕೆ ಹೋದ ಸಂಶೋಧಕರ ತಂಡದಲ್ಲಿ ಆತನಿದ್ದನು. ೧೮೨೩ರಲ್ಲಿ ಪ್ರಕಟವಾದ ವರ್ಣನೆಯಲ್ಲಿ ಪ್ರಾಣಿಗೆ 'ಕ್ಯಾನಿಸ್ ಲೇಟ್ರಾನ್ಸ್', ಎಂದರೆ 'ಬೊಗಳುವ ನಾಯಿ' ಎಂದು ಹೆಸರಿಟ್ಟನು. ಹೆಸರನ್ನು ಸಹ ಧ್ವನಿಯಿಂದಲೇ ಪಡೆದ ಪ್ರಾಣಿಯನ್ನು ಧ್ವನಿಯಿಂದಲೇ ಹಿಡಿಯಹೊರಟದ್ದು ಸಹಜವೆನ್ನಬೇಕು.

ಆ ಕಾಲದಲ್ಲಿ ಕಯೋಟಿಯು ಖಂಡದ ಮಧ್ಯ ಮತ್ತು ಪಶ್ಚಿಮ ಭಾಗದ ಬಯಲುಗಳ ಪ್ರಾಣಿ. ಇಂದು ಹವಾಯಿ ಒಂದನ್ನು ಬಿಟ್ಟು ಸಂಯುಕ್ತ ಸಂಸ್ಥಾನಗಳ ಎಲ್ಲೆಡೆಯೂ ಅದು ಉಂಟು. ಉತ್ತರಕ್ಕೆ ಅಲಾಸ್ಕದವರೆಗೆ, ದಕ್ಷಿಣಕ್ಕೆ ಪನಾಮದವರೆಗೆ ಹಬ್ಬಿದೆ. ಚಿಕಾಗೋ ನಗರದೊಳಗೂ ಮನೆ ಮಾಡಿದೆ. ಮನುಷ್ಯನು ಅದರ ದೊಡ್ಡ ವೈರಿಯಾದ ತೋಳವನ್ನು ಬಹುತೇಕ ಕಡೆಗಳಿಂದ ಅಳಿಸಿದನು, ಕಾಡನ್ನು ಕಡಿದು ಹೊಲ ಮಾಡಿದನು. ಹೊಲವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಕಯೋಟಿ. ಅದರ ಊಟದ ಪಟ್ಟಿಯಂತೂ ಬಹಳ ಉದ್ದ: ಹೊಲದ ಇಲಿಗಳು, ಮೊಲ, ಸತ್ತ ದನದ ಮಾಂಸ, ಮಿಡತೆ, ಹಣ್ಣುಹಂಪಲು, ಸಮಯ ಬಂದರೆ ರೈತನ ಕಲ್ಲಂಗಡಿ. ಕುರಿಮರಿಯೂ ಆ ಪಟ್ಟಿಯಲ್ಲುಂಟು. ಆದರೆ ಪ್ರತಿಯೊಂದು ಕಯೋಟಿಯ ಪಟ್ಟಿಯಲ್ಲಿಯೂ ಇಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಕಿವಿ ಕರೆಯುವುದು, ಮೂಗು ತಡೆಯುವುದು

ಪೀಪಿಯ ರಚನೆ ಸರಳ. ಮರದ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯೊಳಗೆ ಹಾರ್ಮೋನಿಯಮ್ಮಿನಲ್ಲಿರುವಂಥ ತೆಳ್ಳನೆಯ ಒಂದು ನಾಲಗೆ. ಉಸಿರು ಹಾದಾಗ ಅದು ಅದುರಿ ಕರ್ಕಶವಾಗಿ ಕಿರಿಚುವುದು. ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಮಾಡಿದರೆ ಸ್ವರವು ಏರಿ ಇಳಿದು ಮೊಲದ ಅಳುವಿನಂತೆಯೇ ಕೇಳಿಸುವುದು. ಇಂಥ ಪೀಪಿಗಳನ್ನು ಮಾಡಿ ಮಾರಿ ಹೆಸರಾದವರಲ್ಲಿ ಟೆಕ್ಸಾಸಿನ ಮಾರ್ಬಲ್ ಫಾಲ್ಸ್ ಎಂಬ ಊರಿನ ಬರ್ನ್‌ಹ್ಯಾಮ್ ಸಹೋದರರು ಮುಖ್ಯರು. ೧೯೫೦ರ ದಶಕದಲ್ಲಿ ಅವರಿಂದಾಗಿ ಈ ವಿದ್ಯೆ ದೇಶದ ತುಂಬ ಹರಡಿತು. ಅದಕ್ಕೂ ಮುಂಚೆ, ೧೯೪೬ರಲ್ಲಿ, ಆಲ್ಕಾರ್ನ್ ಎಂಬುವರು ಸಸ್ತನಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಕಯೋಟಿಗಳನ್ನು ಮರುಳುಗೊಳಿಸಿ ಕರೆಯುವ ವಿಷಯವಾಗಿ ಲೇಖನವನ್ನು ಬರೆದಿದ್ದರು. ಈಗ ಧ್ವನಿಮುದ್ರಿಕೆಯನ್ನು ನುಡಿಸುವ ವಿದ್ಯುತ್ ಯಂತ್ರಗಳೂ ಬಂದಿವೆ.

ಸಾಯುತ್ತಿರುವ ಮೊಲದ ಕೂಗಿಗೆ ಕಯೋಟಿಯು ಓಗೊಡುವುದು ದಡ್ಡತನದಿಂದಲ್ಲ. ಮತ್ತೊಂದು ಪ್ರಾಣಿ ಹಿಡಿದ ಬೇಟೆಯನ್ನು ಕಸಿದುಕೊಳ್ಳುವುದು ತಾನೇ ಅಟ್ಟಿ ಹಿಡಿಯುವುದಕ್ಕಿಂತ ಸುಲಭ. ಚಳಿಗಾಲದಲ್ಲಿ ಇಂಥ ಒಂದು ತುತ್ತು ಜೀವವನ್ನು ಉಳಿಸಬಹುದು. ಸದ್ದು ಬಂದ ದಿಕ್ಕನ್ನು ಅದು ಕರಾರುವಾಕ್ಕಾಗಿ ತಿಳಿಯುವ ಬಗೆಯೂ ವಿಚಾರಯೋಗ್ಯವಾದುದು. ಎರಡು ಕಿವಿಗಳ ನಡುವೆ ಹತ್ತು ಸೆಂಟಿಮೀಟರಿನ ಅಂತರವಿದೆಯೆಂದು ಹಿಡಿಯೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಪಕ್ಕದಿಂದ ಬಂದ ಸದ್ದು ಒಂದು ಕಿವಿಯನ್ನು ಮುಟ್ಟಿದ ಮೇಲೆ ಇನ್ನೊಂದನ್ನು ಮುಟ್ಟಲು ೦.೧ನ್ನು ೩೪೦ರಿಂದ ಭಾಗಿಸಿದಷ್ಟು, ಎಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗದಷ್ಟು ಕಾಲ ಬೇಕಾಗುವುದು. ಈ ಅತ್ಯಲ್ಪ ವ್ಯತ್ಯಾಸವನ್ನು ಮಿದುಳು ಗ್ರಹಿಸುತ್ತದೆ. ಜೊತೆಗೆ ದೂರದ ಕಡೆಯ ಕಿವಿಗೆ ತಲೆಯೇ ಅಡ್ಡವಾಗುವುದರಿಂದ ಅಲ್ಲಿ ಸದ್ದು ಸ್ವಲ್ಪ ಮಂದವಾಗಿಯೂ ಕೇಳಿಸುವುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ೨೦,೦೦೦ ಕಂಪನಗಳ ಮೇಲಿನ ಸದ್ದು ಕೇಳದು; ಕಯೋಟಿಗೆ ಅದಕ್ಕಿಂತ ಬಹಳ ಮೇಲಿನದೂ ಕೇಳುತ್ತದೆ. ಹುಲ್ಲಿನೊಳಗಿನ ಇಲಿಯ ಕೀರಲು ದನಿಯ ಮೇಲೆ ಬದುಕುವ ಪ್ರಾಣಿಗೆ ಇದು ಬೇಕಾದುದೇ.

ಆದರೆ ಕಯೋಟಿಯು ಕಿವಿಯನ್ನು ನಂಬಿ ಹೊರಟರೂ ಮೂಗನ್ನು ಕೇಳದೆ ಮುಗಿಸುವುದಿಲ್ಲ. ಆದುದರಿಂದಲೇ ಅದು ಸದ್ದಿನ ಸ್ಥಳವನ್ನು ಬಳಸಿಕೊಂಡು ಗಾಳಿ ಹರಿದುಹೋಗುವ ಕಡೆಗೆ ಬರುವುದು. ಅಲ್ಲಿ ನಿಂತರೆ ಮೊಲದ ವಾಸನೆ ಬರಬೇಕು. ಬದಲಾಗಿ ಮನುಷ್ಯನ ವಾಸನೆ ಬಂದರೆ ಮರುಕ್ಷಣವೇ ಅದು ಮಾಯ. ಇದನ್ನು ಬಲ್ಲ ರೈತನು ಗಾಳಿಯು ತನ್ನ ಎಡದಿಂದ ಬಲಕ್ಕೆ, ಇಲ್ಲವೆ ಬಲದಿಂದ ಎಡಕ್ಕೆ ಬೀಸುವಂತೆ ಕುಳಿತು, ಗಾಳಿ ಹೋಗುವ ಕಡೆಯಲ್ಲಿ ಮರೆಯಿಲ್ಲದ ಬಯಲು ಇರುವಂತೆ ನೋಡಿಕೊಳ್ಳುವನು. ಪ್ರಾಣಿಯು ವಾಸನೆಯ ಗೆರೆಯನ್ನು ಮುಟ್ಟಲು ಆ ಬಯಲನ್ನು ದಾಟಲೇಬೇಕು. ದಾಟುವಾಗ ಅದು ಕಣ್ಣಿಗೆ ಬೀಳುವುದು. ಓಡುತ್ತಿರುವುದನ್ನು ನಿಲ್ಲಿಸಲು ಬಾಯಿಂದ ಒಮ್ಮೆ 'ವುಫ್' ಎಂದರೆ ಸಾಕು, ಅರೆಕ್ಷಣ ನಿಂತು ನೋಡುವುದು.

ಉಳಿದುದೆಲ್ಲ ತಾಳ್ಮೆಯ ಮಾತು. ವಾಹನವನ್ನು ದಿಬ್ಬದ ಹಿಂದೆ ಬಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ತಗ್ಗಿನಲ್ಲಿ ನಡೆದು ಬರಬೇಕು. ಆಕಾಶದ ಗೆರೆಯ ಮೇಲೆ ಆಕೃತಿ ಮೂಡಬಾರದು. ಇಪ್ಪತ್ತು ನಿಮಿಷದಲ್ಲಿ ಏನೂ ಬಾರದಿದ್ದರೆ ಅರ್ಧ ಮೈಲಿಯೋ ಒಂದು ಮೈಲಿಯೋ ದೂರ ಹೋಗಿ ಮತ್ತೆ ಕೂರಬೇಕು. ಒಕ್ಕಲುಭೂಮಿಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆಗಳೂ ಉಂಟು. ಹೊಲ ಯಾರದೋ ಅವರ ಅಪ್ಪಣೆ ಬೇಕು. ಗುಂಡು ತಪ್ಪಿದರೆ ಹೋಗಿ ಹುಗಿಯಲು ಹಿಂದೆ ಮಣ್ಣಿನ ದಿಬ್ಬವಿರಬೇಕು, ಏಕೆಂದರೆ ರೈಫಲಿನ ಗುಂಡು ಬಯಲಿನಲ್ಲಿ ಮೈಲಿಗಳಷ್ಟು ದೂರ ಹೋಗಬಲ್ಲುದು, ಬಯಲಿನ ಆಚೆ ದನಗಳೂ ಮನೆಗಳೂ ಇರುವುವು. ಬಂದ ಪ್ರಾಣಿ ಕಯೋಟಿಯೋ ನೆರೆಯವನ ನಾಯಿಯೋ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಬಂದೂಕಿನ ಕುದುರೆಯನ್ನು ಮುಟ್ಟಬಾರದು. ಅಲ್ಲಿಯ ಬಹುಪಾಲು ಸಂಸ್ಥಾನಗಳಲ್ಲಿ ಕಯೋಟಿಯ ಬೇಟೆಗೆ ವರ್ಷವಿಡೀ ಅವಕಾಶವಿದೆ. ರಾತ್ರಿ ಬೇಟೆ, ವಿದ್ಯುತ್ ಯಂತ್ರದ ಕೂಗು ಮುಂತಾದುವುಗಳ ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ನಮ್ಮ ದೇಶದಲ್ಲಿಯಾದರೋ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿ, ತೋಳಗಳ ಬೇಟೆಯೇ ಅಪರಾಧ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕಾಗದದ ಮೇಲೆ ಮಾತ್ರ ಕಲಿತರೆ ಸಾಕು.

ಊಳಿನ ಭಾಷೆ

ಕಯೋಟಿಯ ಸ್ವಂತ ಕೂಗೂ ಒಂದು ಭಾಷೆಯೇ. ಫಿಲಿಪ್ ಲೆಹ್ನರ್ ಎಂಬ ಪ್ರಾಣಿವಿಜ್ಞಾನಿ ೧೯೭೮ರಲ್ಲಿ ಅದರ ಹನ್ನೊಂದು ಬಗೆಯ ಧ್ವನಿಗಳನ್ನು ಬೇರ್ಪಡಿಸಿ ಹೆಸರಿಸಿದರು. ಒಂಟಿಯಾಗಿ ಇಡುವ ಊಳು 'ನಾನಿಲ್ಲಿದ್ದೇನೆ' ಎಂದು ತನ್ನವರಿಗೆ ತಿಳಿಸುವುದು. ಬೊಗಳಿಕೆ ಬೆರೆತ ಊಳು ಅಪಾಯದ ಸೂಚನೆ. ಗಂಡುಹೆಣ್ಣು ಜೋಡಿಯಾಗಿ ಕುಂಯ್‌ಗುಟ್ಟುತ್ತ ಊಳಿಡುವುದು ಮಾತ್ರ ಬೇರೆಯವರಿಗೆ ಹೇಳುವ ಮಾತು: 'ಈ ಸೀಮೆಗೆ ಒಡೆಯರಿದ್ದಾರೆ, ಒಳಗೆ ಬರಬೇಡಿ.' ಎರಡೇ ಪ್ರಾಣಿಗಳು ಸ್ವರವನ್ನು ಹಾವಿನಂತೆ ಹೊರಳಿಸುವುದರಿಂದಲೂ, ಆ ಸ್ವರಗಳು ದಿಬ್ಬ ಮರಗಳಿಗೆ ಬಡಿದು ಹಿಂದಿರುಗುವುದರಿಂದಲೂ ಕೇಳುವವರಿಗೆ ಏಳೆಂಟು ಪ್ರಾಣಿಗಳ ಹಿಂಡೇ ಕೂಗಿದಂತೆ ಭಾಸವಾಗುವುದು. 'ನಿನ್ನೆ ರಾತ್ರಿ ನನ್ನ ಹೊಲದಲ್ಲಿ ಇಪ್ಪತ್ತು ಇದ್ದವು' ಎಂದು ದೂರುವ ರೈತನು ಸುಳ್ಳು ಹೇಳುವುದಿಲ್ಲ. ಎಣಿಕೆಯಲ್ಲಿ ಮೋಸಹೋಗಿರುತ್ತಾನೆ, ಅಷ್ಟೆ.

ಕರೆಯುವವನು ಋತುವನ್ನರಿತು ಕೂಗನ್ನು ಆರಿಸಬೇಕು. ಶರತ್ಕಾಲದಲ್ಲಿ ಆ ವರ್ಷದ ಮರಿಗಳು ತಾಯ್ತಂದೆಗಳನ್ನು ಬಿಟ್ಟು ಹೊಸ ಸೀಮೆಯನ್ನು ಅರಸುತ್ತ ಅಲೆಯುತ್ತಿರುವುವು. ಅನುಭವವಿಲ್ಲದೆ ಹಸಿದಿರುವ ಇವು ಮೊಲದ ಕೂಗಿಗೆ ಓಡೋಡಿ ಬರುವುವು. ಜನವರಿಯಿಂದ ಮಾರ್ಚಿಯವರೆಗೆ ಕೂಡುವ ಕಾಲ. ಆಗ ಅಪರಿಚಿತ ಕಯೋಟಿಯ ಊಳನ್ನು ಅನುಕರಿಸಿದರೆ ಸೀಮೆಯ ಜೋಡಿಯು ಕೆರಳಿ ಬರುವುದುಂಟು. ಗರ್ಭದ ಅವಧಿ ಸುಮಾರು ೬೩ ದಿನ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಲದಲ್ಲಿ ಮರಿಗಳಿರುವುವು. ಆಗ ನೋವಿಗೊಳಗಾದ ಮರಿಯ ಕೂಗನ್ನು ಕೇಳಿದರೆ ತಾಯ್ತಂದೆಗಳಿಬ್ಬರೂ ಗಾಳಿಯನ್ನು ಸಹ ಪರೀಕ್ಷಿಸದೆ ನುಗ್ಗುವರು. ಇದನ್ನು ಓದಿ ಮನಸ್ಸಿಗೆ ಕಸಿವಿಸಿಯಾದರೆ ಆಶ್ಚರ್ಯವಿಲ್ಲ, ನನಗೂ ಆಯಿತು. ಆದರೆ ಕುರಿಮರಿಗಳ ಮೇಲಿನ ದಾಳಿ ಅತ್ಯಂತ ತೀವ್ರವಾಗುವುದೂ ಆ ತಿಂಗಳುಗಳಲ್ಲಿಯೇ. ಒಮ್ಮೆ ಮೋಸಹೋಗಿ ಗುಂಡಿನಿಂದ ಪಾರಾದ ಕಯೋಟಿಯು ಆ ಕೂಗನ್ನು ಮರೆಯುವುದಿಲ್ಲವಾದುದರಿಂದ, ಕೈ ಕುದುರದವನು ಮೇಲಿಂದ ಮೇಲೆ ಊದಿದರೆ ಆ ಸೀಮೆಯ ಪ್ರಾಣಿಗಳಿಗೆ ಪಾಠ ಹೇಳಿಕೊಟ್ಟಂತಾಗುವುದು.

ಕೊಂದಷ್ಟೂ ಹುಟ್ಟುವ ಸಂತತಿ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಕುರಿ ಸಾಕುವವನಿಗೆ ಇದು ಜೀವನದ ಪ್ರಶ್ನೆ. ಮರಿಹಾಕುವ ಕಾಲದಲ್ಲಿ ರಾತ್ರಿಗೊಂದರಂತೆ ಮರಿಗಳು ಹೋದರೆ ಆ ವರ್ಷದ ಲಾಭವೆಲ್ಲ ಹೋದಂತೆ. ಆದುದರಿಂದ ಅಮೆರಿಕದವರು ಕಯೋಟಿಯ ಮೇಲೆ ಯುದ್ಧವನ್ನೇ ಹೂಡಿದರು. ತಲೆಗಿಷ್ಟೆಂದು ಬಹುಮಾನ ಕೊಟ್ಟರು, ಉರುಲು, ಬೋನುಗಳನ್ನೊಡ್ಡಿದರು, ವಿಷದ ಮಾಂಸವನ್ನು ಚೆಲ್ಲಿದರು. ವಿಷದಿಂದ ಹದ್ದು, ನಾಯಿಗಳೂ ಸಾಯುತ್ತಿದ್ದುದರಿಂದ ೧೯೭೨ರಲ್ಲಿ ಅಧ್ಯಕ್ಷ ನಿಕ್ಸನ್ನರು ಕೇಂದ್ರ ಸರಕಾರದ ಭೂಮಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು. ಈಚಿನ ವರ್ಷಗಳಲ್ಲಿಯೂ ಸರಕಾರದ ನೌಕರರ ಕೈಯಿಂದಲೇ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಕಯೋಟಿಗಳು ಸತ್ತಿವೆ. ಇಷ್ಟಾದರೂ ಪ್ರಾಣಿ ಖಂಡವನ್ನೆಲ್ಲ ವ್ಯಾಪಿಸಿತೇ ಹೊರತು ಕುಗ್ಗಲಿಲ್ಲ.

ಏಕೆಂಬುದನ್ನು ಟೆಕ್ಸಾಸಿನಲ್ಲಿ ಅಭ್ಯಾಸ ಮಾಡಿದ ನೋಲ್ಟನ್ ಎಂಬ ವಿಜ್ಞಾನಿ ೧೯೭೨ರಲ್ಲಿ ತೋರಿಸಿಕೊಟ್ಟರು. ಕಯೋಟಿಗಳು ದಟ್ಟವಾಗಿರುವ ಕಡೆಗಳಲ್ಲಿ ಒಂದು ಸೂಲಿಗೆ ಸರಾಸರಿ ನಾಲ್ಕು ಚಿಲ್ಲರೆ ಮರಿಗಳಾದರೆ, ತೀವ್ರವಾಗಿ ಕೊಂದು ವಿರಳಗೊಳಿಸಿದ ಕಡೆಗಳಲ್ಲಿ ಸುಮಾರು ಏಳು. ಅಷ್ಟೇ ಅಲ್ಲ, ಸಂಖ್ಯೆ ತಗ್ಗಿದಾಗ ಉಳಿದ ಹೆಣ್ಣುಗಳಲ್ಲಿ ಹೆಚ್ಚಿನವು ಮರಿಹಾಕುವುವು. ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸಂಖ್ಯೆಗಳು ಉದಾಹರಣೆಗಾಗಿ ಮಾತ್ರ. ಒಂದು ಪ್ರಾಂತದಲ್ಲಿ ೪೦ ಹೆಣ್ಣುಗಳಿದ್ದು ಅವುಗಳಲ್ಲಿ ೨೦ ಮಾತ್ರ ಮರಿಹಾಕಿದರೆ, ಸೂಲಿಗೆ ನಾಲ್ಕರಂತೆ ೮೦ ಮರಿಗಳು. ಅರ್ಧದಷ್ಟನ್ನು ಕೊಂದು ೨೦ ಹೆಣ್ಣುಗಳನ್ನು ಉಳಿಸಿದೆವು. ಅವುಗಳಲ್ಲಿ ೧೬ ಮರಿಹಾಕಿದವು, ಸೂಲಿಗೆ ಆರರಂತೆ. ಮರಿಗಳು ೯೬! ಅರ್ಧ ಕೊಂದುದರಿಂದ ಮರಿಗಳು ಹೆಚ್ಚಾದವು; ಆಹಾರಕ್ಕೆ ಪೈಪೋಟಿ ತಗ್ಗಿದುದರಿಂದ ಬದುಕುಳಿಯುವವೂ ಹೆಚ್ಚಾಗುವುವು. ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬುವರು ೧೯೭೫ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಗಣಕಯಂತ್ರದಿಂದ ಈ ಲೆಕ್ಕವನ್ನು ಸಾಂಗವಾಗಿ ಮಾಡಿದರು. ವರ್ಷವರ್ಷವೂ ನೂರಕ್ಕೆ ಎಪ್ಪತ್ತರವರೆಗೆ ಕೊಂದರೂ ಸಂತತಿಯು ತಾಳಿಕೊಳ್ಳಬಲ್ಲುದು. ನೂರಕ್ಕೆ ಎಪ್ಪತ್ತೈದರಂತೆ ಬಿಡದೆ ಕೊಂದರೆ ನಿರ್ನಾಮವಾಗಲು ಐವತ್ತು ವರ್ಷಗಳ ಮೇಲೆ ಬೇಕು ಎಂದು ಕಂಡುಬಂದಿತು.

ಹಾಗಾದರೆ ಬಂದೂಕು ನಿಷ್ಪ್ರಯೋಜಕವೆ? ಅಲ್ಲ. ಎಷ್ಟು ಕೊಂದರೆಂಬುದಕ್ಕಿಂತ ಯಾವುದನ್ನು ಕೊಂದರೆಂಬುದು ಮುಖ್ಯ. ವಯೋಮಿಂಗ್ ಸಂಸ್ಥಾನದಲ್ಲಿ ಟಿಲ್ ಮತ್ತು ನೋಲ್ಟನ್ ನಡೆಸಿದ ಪ್ರಯೋಗದ ಫಲವು ೧೯೮೩ರಲ್ಲಿ ಪ್ರಕಟವಾಯಿತು. ಕುರಿಗಳನ್ನು ಕೊಲ್ಲುತ್ತಿದ್ದ ಜೋಡಿಗಳ ಬಿಲಗಳನ್ನು ಹುಡುಕಿ, ಕೆಲವೆಡೆ ಮರಿಗಳನ್ನು ಮಾತ್ರ ತೆಗೆದುಹಾಕಿ ದೊಡ್ಡವನ್ನು ಹಾಗೆಯೇ ಬಿಟ್ಟರು. ಕುರಿಗಳ ಮೇಲಿನ ದಾಳಿ ನೂರಕ್ಕೆ ಸುಮಾರು ೮೮ರಷ್ಟು ತಗ್ಗಿತು! ದೊಡ್ಡವನ್ನೂ ತೆಗೆದ ಕಡೆ ಸುಮಾರು ೯೮ರಷ್ಟು. ಇದರ ಅರ್ಥ ಸ್ಪಷ್ಟ. ತನ್ನೊಬ್ಬನ ಹೊಟ್ಟೆಗೆ ಇಲಿ, ಮೊಲಗಳು ಸಾಕಾಗುವ ಕಯೋಟಿಯು, ಬಿಲದಲ್ಲಿ ಆರು ಬಾಯಿಗಳು ಕಾದಿರುವಾಗ ಕುರಿಮರಿಗೆ ಕೈಹಾಕುವುದು. ಇಲಿಯೊಂದೊಂದನ್ನೇ ಹಿಡಿದು ಮೈಲಿಗಟ್ಟಲೆ ಹೊರುವುದಕ್ಕಿಂತ ಒಂದು ಕುರಿಮರಿ ಮೇಲಲ್ಲವೆ? ಕ್ಯಾಲಿಫೋರ್ನಿಯದ ಹಾಪ್‌ಲೆಂಡ್ ಸಂಶೋಧನಾ ಕ್ಷೇತ್ರದಲ್ಲಿ ರೇಡಿಯೋ ಕೊರಳಪಟ್ಟಿಗಳನ್ನು ಕಟ್ಟಿ ನೋಡಿದಾಗಲೂ ಇದೇ ಸ್ಥಿರಪಟ್ಟಿತು: ಕುರಿಗಳನ್ನು ಕೊಲ್ಲುವವು ಮುಖ್ಯವಾಗಿ ಆಯಾ ಸೀಮೆಯ ಒಡೆತನವಿರುವ, ಸಂತಾನವಿರುವ ಜೋಡಿಗಳು, ಅಲೆದಾಡುವ ಎಳೆಯ ಪ್ರಾಣಿಗಳಲ್ಲ.

ಈಗ ನವೆಂಬರಿನ ಆ ರೈತನ ಬಳಿಗೆ ಹಿಂದಿರುಗಿದರೆ ಅವನ ಬೇಟೆಯ ಬೆಲೆಯನ್ನು ಕಟ್ಟಬಹುದು. ಅವನ ಪೀಪಿಗೆ ಮೊದಲು ಓಡಿಬರುವುದು ಬಹುಮಟ್ಟಿಗೆ ಅನುಭವವಿಲ್ಲದ, ಎಲ್ಲಿಂದಲೋ ಬಂದ ಎಳೆಯ ಕಯೋಟಿ. ಅದರ ಚರ್ಮಕ್ಕೆ ಒಂದಿಷ್ಟು ಹಣ ಬರಬಹುದು. ವಸಂತದ ಕುರಿಮರಿಗಳಿಗೆ ಅದರಿಂದಾಗುವ ರಕ್ಷಣೆ ಅತ್ಯಲ್ಪ. ಅದೇ ಪೀಪಿಯನ್ನು ಏಪ್ರಿಲಿನಲ್ಲಿ, ಕುರಿ ಸತ್ತ ಹೊಲಕ್ಕೆ ಹತ್ತಿರದಲ್ಲಿ, ತಪ್ಪಿತಸ್ಥ ಜೋಡಿಯ ಸೀಮೆಯೊಳಗೇ ಊದಿದರೆ ಫಲ ಬೇರೆ. ಆದರೂ ತೆರವಾದ ಸೀಮೆಯನ್ನು ಇನ್ನೊಂದು ಜೋಡಿಯು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಹಿಡಿಯುವುದುಂಟು. ಆದುದರಿಂದ ಸಮಯವನ್ನೂ ಅರಿತಿರಬೇಕು.

ಇದಕ್ಕೆಲ್ಲ ಮೊದಲು ಕೊಂದದ್ದು ಕಯೋಟಿಯೇ ಎಂಬುದು ಖಚಿತವಾಗಬೇಕಷ್ಟೆ. ಕಯೋಟಿಯು ಸಾಮಾನ್ಯವಾಗಿ ದವಡೆಯ ಕೆಳಗೆ ಗಂಟಲನ್ನು ಕಚ್ಚಿ ಹಿಡಿದು ಉಸಿರುಕಟ್ಟಿಸಿ ಕೊಲ್ಲುವುದು. ಊರನಾಯಿಗಳಾದರೆ ತೊಡೆ, ಪಕ್ಕೆ, ಕಿವಿ ಎಂದು ಕಂಡಕಂಡಲ್ಲಿ ಹರಿದು, ಅನೇಕ ಕುರಿಗಳನ್ನು ಗಾಯಗೊಳಿಸಿ, ತಿನ್ನದೆಯೇ ಹೋಗುವುವು. ಕುತ್ತಿಗೆಯ ಚರ್ಮವನ್ನು ಸುಲಿದು ನೋಡಿದಾಗ ಹಲ್ಲಿನ ತೂತುಗಳ ಸುತ್ತ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚಿದಾಗ ಜೀವವಿದ್ದಿತೆಂದು ಅರ್ಥ. ರಕ್ತವಿಲ್ಲದಿದ್ದರೆ ಕುರಿಯು ರೋಗದಿಂದಲೋ ಚಳಿಯಿಂದಲೋ ಮೊದಲೇ ಸತ್ತಿದ್ದು, ಕಯೋಟಿಯು ಬರಿಯ ಹೆಣವನ್ನು ತಿಂದಿದೆ. ಸತ್ತ ದೇಹದಲ್ಲಿ ಹೃದಯದ ಒತ್ತಡವಿಲ್ಲವಾದುದರಿಂದ ರಕ್ತವು ಮಾಂಸಕ್ಕೆ ಸೋರುವುದಿಲ್ಲ. ಇಷ್ಟು ಶರೀರಶಾಸ್ತ್ರವನ್ನು ಅಲ್ಲಿಯ ಕುರಿಗಾರರು ಚಾಕುವಿನ ತುದಿಯಲ್ಲಿ ಕಲಿತಿರುವರು. ಮಿಸ್ಸೌರಿ ಸಂಸ್ಥಾನವು ೧೯೪೫ರಲ್ಲಿ ಆರಂಭಿಸಿದ ಪದ್ಧತಿಯ ತಿರುಳೂ ಇದೇ: ತಲೆಗಿಷ್ಟೆಂದು ಹಣ ಚೆಲ್ಲುವುದಕ್ಕೆ ಬದಲು, ನಷ್ಟವಾದ ಹೊಲಕ್ಕೆ ತಜ್ಞನನ್ನು ಕಳುಹಿಸಿ, ತಪ್ಪಿತಸ್ಥ ಪ್ರಾಣಿಯನ್ನು ರೈತನೇ ಹಿಡಿಯುವಂತೆ ಕಲಿಸುವುದು. ಕಾನ್ಸಾಸ್ ಸಹ ಅನಂತರ ಇದೇ ದಾರಿಯನ್ನು ಹಿಡಿಯಿತು.

ಬಂದೂಕಿಲ್ಲದ ಉಪಾಯಗಳೂ ಉಂಟು. ಮರಿಹಾಕುವ ಕುರಿಗಳನ್ನು ಕೊಟ್ಟಿಗೆಯಲ್ಲಿಡುವುದು, ಸತ್ತ ದನವನ್ನು ಹೊಲದಲ್ಲಿ ಬಿಡದೆ ಹೂಳುವುದು, ತಂತಿಬೇಲಿ, ಮಂದೆಯೊಡನೆ ಕತ್ತೆಯನ್ನೋ ಲಾಮಾ ಎಂಬ ಪ್ರಾಣಿಯನ್ನೋ ಬಿಡುವುದು. ಎಲ್ಲಕ್ಕಿಂತ ಹೆಚ್ಚು ಹರಡಿರುವುದು ಯುರೋಪು, ತುರ್ಕಿಗಳಿಂದ ತಂದ ಕಾವಲುನಾಯಿಗಳ ಪದ್ಧತಿ. ೧೯೭೦ರ ದಶಕದ ಕೊನೆಯಿಂದ ಮ್ಯಾಸಚೂಸೆಟ್ಸಿನ ಹ್ಯಾಂಪ್‌ಷೈರ್ ಕಾಲೇಜಿನ ಕಾಪಿಂಜರ್ ದಂಪತಿಗಳು ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಎಳೆಯ ನಾಯಿಮರಿಯನ್ನು ಕುರಿಗಳ ನಡುವೆಯೇ ಬೆಳೆಸಿದರೆ ಅದು ಅವನ್ನೇ ತನ್ನ ಬಳಗವೆಂದು ತಿಳಿದು ಬಿಟ್ಟಗಲದು. ರಾತ್ರಿ ಹೊಲದಲ್ಲಿ ಕುರಿಗಳನ್ನು ಬಲೆಯ ದೊಡ್ಡಿಯೊಳಗೆ ತರುಬಿ, ಸುತ್ತಲೂ ನಾಯಿಗಳನ್ನು ಬಿಟ್ಟು ಮಲಗುವ ನಮ್ಮ ಕುರುಬರಿಗೆ ಇದು ಹೊಸ ಸಂಗತಿಯೆನಿಸಲಾರದು.

ಇನ್ನೊಂದು ಉಪಾಯ ಮೊದಲು ಕೇಳಿದಾಗ ವಿಚಿತ್ರವೆನಿಸಬಹುದು. ವರ್ಷಗಟ್ಟಲೆ ತನ್ನ ಹೊಲದ ಪಕ್ಕದಲ್ಲಿಯೇ ಬಿಲ ಮಾಡಿಕೊಂಡಿದ್ದೂ ಕುರಿಯ ತಂಟೆಗೆ ಹೋಗದ ಜೋಡಿಯೊಂದಿದ್ದರೆ, ಅದನ್ನು ಮುಟ್ಟದೆ ಬಿಡುವ ಕುರಿಗಾರರಿದ್ದಾರೆ. ಆ ಜೋಡಿಯು ಹೊಲದ ಇಲಿಗಳನ್ನು ತಿನ್ನುವುದಲ್ಲದೆ, ಹೊರಗಿನ ಕಯೋಟಿಗಳನ್ನು ತನ್ನ ಸೀಮೆಯೊಳಗೆ ಕಾಲಿಡಗೊಡದು. ಜನವರಿಯ ರಾತ್ರಿ ಆ ದಿಕ್ಕಿನಿಂದ ಊಳು ಕೇಳಿಬಂದರೆ ಅವರು ಎದ್ದು ಬಂದೂಕನ್ನು ಹುಡುಕುವುದಿಲ್ಲ. ಕೂಗಿದವು ಹಳೆಯ ಜೋಡಿಯೇ ಹೌದೋ ಅಲ್ಲವೋ ಎಂದು ಮಾತ್ರ ಕಿವಿಗೊಟ್ಟು ಕೇಳುವರು.